ಜವಾಬು ಬಾಕಿ

ಪಿಕಪ್ಪಿನ್ಯಾಗ ಹದಿನಾಕು ಮಂದಿ, ಎರಡು ಖಾಲಿ ಕ್ರೇಟು,
ಒಂದು ಸ್ಟೆಪ್ನಿ, ಅದೂ ಈಗ ಪಂಕ್ಚರು.
ಸಂಖ ಬಿಟ್ಟಾಗ ಇನ್ನೂ ಚಿಕ್ಕಿ ಇದ್ದುವು.
ಮಣೂಕದ ಶೆಡ್ಡಿನ ಮುಂದ ರಾತ್ರಿಯೆಲ್ಲಾ ಕುಂತವರ
ಬಟ್ಟಿಗೆ ಗಂಧಕದ ವಾಸನಿ,
ಗಂಟಲದಾಗ ಇನ್ನೂ ಗೀಗೀ.

ಹರದೇಶಿಯವರು ಗೆದ್ದರು, ಅಂದ ರಾಯಗೊಂಡ.
ಹ್ಯಾಂಗ ಗೆದ್ದರೋ? ಹಿಂದಿನಿಂದ ದುಂಡವ್ವ,
ಕ್ರೇಟಿನ ಮ್ಯಾಲ ಕುಂತಾಕಿ.
ನಾಗೇಶಿಯಾಕಿ ಸವಾಲು ಒಗದಾಗ
ನಿಮ್ಮ ಗಂಡಸರು ಬೆಂಕಿ ಮುಂದ
ದಪ್ಪಿಗೆ ಕಾವು ಕೊಟ್ಟಕೋತ ಕುಂತರಲ್ಲ!
ಥಂಡಿಗೆ ದಪ್ಪು ಇಳದಿತ್ತು ಬೇ.
ಇಳದದ್ದು ದಪ್ಪಲ್ಲ ಬಿಡು.
ಗಾಡಿಗೆ ಗಾಡಿನೇ ನಕ್ಕಿತು. ನಾ ಗೇರ್ ಬದಲಿಸಿದೆ.

ಖರೇ ಹೇಳಬೇಕಂದ್ರ
ಆ ಸವಾಲು ನಾ ಕೇಳಲೇ ಇಲ್ಲ.
ನಾಕು ಗಂಟೆಕ್ಕ, ಮಂದಿಯೆಲ್ಲಾ ಉಸುರು ಹಿಡಿದ ಹೊತ್ತಿನ್ಯಾಗ,
ಜಾಲಿಗಿಡದ ಬುಡಕ ಜ್ಯಾಕ್ ಹಚ್ಚಿ
ಗಾಲಿ ಬಿಚ್ಚತಿದ್ದೆ, ಬಾಯಾಗ ಮೂರು ನಟ್ಟು.
ತುಂತುಣಿಯ ಒಂಟಿ ತಂತಿ
ನೊಣ ಸುತ್ತಿದಂಗ ಕಿವಿ ಸುತ್ತ.
ಆಮ್ಯಾಲ ಜನರೇಟರ್ ಸತ್ತಿತು.
ಮೈಕಿಲ್ಲದ ದನಿ ಹೊಲ ದಾಟಿ ನನ್ನ ತನಕ ಬಂತು,
ಮಾತು ಬರಲಿಲ್ಲ.
ನಡುವಿನ ಜ್ವಾಳ ಸೋಸಿಕೊಂಡಿರಬೇಕು.

ಹಂಗಾಗಿ ಕೇಳಿದೆ: ಏನಿತ್ತು ಸವಾಲು?

ನೆರಳಿಗೆ ಮೊಲಿ ಕುಡಿಸಿದಾಕಿ ಯಾರು, ಅಂದ ಚಾಂದಸಾಬ.
ಕುಡಿಸಿದಾಕಿ ಅಲ್ಲ, ಮೊಲಿ ಬಿಡಿಸಿದಾಕಿ,
ಅಂದಳು ಅವನ ಹೇಣತಿ ಜೈತುನಬಿ.
ಎರಡು ಸಲ ಹಾಡಿದಳು. ಏ, ಒಂದೇ ಸಲ.
ಬಿಳಿ ಸೀರಿ. ಹಸರು. ಹಳದಿ, ಲೈಟಿಗೆ ಹಂಗ ಕಂಡಿತು.
ಆ ಜಾಗಾದಾಗ ಅತ್ತಳು ನೋಡು.
ಅಳೂದೆಲ್ಲಿ ಬಂತು, ನೆಗಡಿ ಆಗಿತ್ತು, ಮೂಗು ಒರಸಿದಳು.

ಅಮಸಿದ್ಧ ಮೊಬೈಲ್ ತಗದ.
ಎಲ್ಲಾ ಐತಿ ಇದರಾಗ, ಸುಮ್ಮ ಕುಂಡರ್ರಿ.
ಇದ್ದದ್ದು: ಯಾರದೋ ಕೆಮ್ಮು,
ಮುಂದಿನವನಿಗೆ ಯಾರೋ ಬೈದದ್ದು,
ಇಪ್ಪತ್ತೇಳು ನಿಮಿಷ ಜನರೇಟರು.
ಅದು ಸತ್ತ ಕ್ಷಣಕ್ಕ ಸರಿಯಾಗಿ
ಫೋನಿನ ಜಾಗಾನೂ ತುಂಬಿತ್ತು.

ದುಂಡವ್ವನ ಮೊಮ್ಮಗ ಓದೂದು ಮರಾಠಿ ಶಾಳೇದಾಗ.
ಆಜ್ಜಿ, ನೆರಳ್ ಮ್ಹಣಜೆ ಕಾಯ್? ಅಂದ.
ಸಾವಲಿ, ಅಂತ ಯಾರೋ ಹೇಳಿದರು.
ಸಾವಲಿ ಹೌದು, ಅಂದಳು ದುಂಡವ್ವ,
ಖರೆ ಅಷ್ಟ ಅಲ್ಲ.
ಮತ್ತೇನು?
ದರಿಬಡಚಿ ಫಾಟಾ ದಾಟಿತು. ಆಕಿ ಮಾತಾಡಲಿಲ್ಲ.
ಒಂದು ಹಂಪು ಹಾರಿದ ಮ್ಯಾಲ ಅಂದಳು:
ನಿಮ್ಮಪ್ಪ ಸಣ್ಣಾವಿದ್ದಾಗ ನನ್ನ ಹಿಂದ ಹೊಲಕ್ಕ ಬರತಿದ್ದ.
ಕಾಲಾಗ ಕೆರವಿಲ್ಲ. ಬಿಸಲಿಗೆ
ನನ್ನ ಮ್ಯಾಲೇ ಹೆಜ್ಜಿ ಇಟಗೋತ ಬರತಿದ್ದ,
ನೆಲದ ಮ್ಯಾಲ ಬಿದ್ದ ನನ್ನ ಮ್ಯಾಲ.
ಅದು.
ನೆರಳು, ಅಂದ ಪೋರ, ಮೆಲ್ಲಕ,
ಮಣೂಕ ಬಾಯಾಗ ಹೊರಳಿಸಿದಂಗ.

ಹಂಗಾದ್ರ ಜವಾಬು ಸೂರ್ಯ, ಅಂದ ರಾಯಗೊಂಡ.
ಸೂರ್ಯ ಗಂಡಸು, ಅವಗೆಲ್ಲಿ ಹಾಲು?
ದೀಪ. ಗ್ವಾಡಿ. ಭೂಮಿತಾಯಿ.
ಭೂಮಿತಾಯಿ ಎಲ್ಲಾ ಸವಾಲಿಗೂ ಜವಾಬಪ್ಪ, ಬ್ಯಾರೆ ಹೇಳು.
ಜೈತುನಬಿ ಕಿಡಕಿಗೆ ತಲಿ ಆನಿಸಿ ಕುಂತಿದ್ದಳು.
ಮೊಲಿ ಬಿಡಿಸಿದಾಕಿ ಅಂತಿದ್ರ, ಅಂದಳು,
ಮಟಮಟ ಮಧ್ಯಾಹ್ನ.
ಯಾರೂ ಏನೂ ಅನ್ನಲಿಲ್ಲ.
ಆದರ ಬಿಡಿಸಿದಾಕಿ ಅಂತಿದ್ದಿಲ್ಲಲ್ಲ, ಅಂದ ಚಾಂದಸಾಬ,
ಮತ್ತ ಹತ್ತಿತು ಜಗಳ.

ಐದು ಕಿಲೋ ಮಣೂಕ ಪಣ.
ಬರೂ ಅಮಾಸಿಗೆ ಮ್ಯಾಳ ಉಮದಿಗೆ ಬರತದ,
ಆಕಿನ್ನೇ ಕೇಳೂದು, ಅಂತ ಠರಾವಾತು.
ಒಬ್ಬೊಬ್ಬರೇ ಇಳದರು, ಕಾಲು ಜೋಂಪು ಹಿಡಿದು,
ಇಳದ ಮ್ಯಾಲೂ ಕೈ ಮಾಡಿ ವಾದ ಮಾಡಕೋತ.
ಯಾರದೋ ಚಪ್ಪಲಿ ಒಂದು ಉಳೀತು.

ಜತ್ತದ ನಾಕಾದಾಗ ಪಂಕ್ಚರಿನ ಮೈನೂ
ಗಾಲಿ ನೀರಾಗ ಮುಣಗಿಸಿ ಗುಳ್ಳಿ ಹುಡುಕತಿದ್ದ.
ಹ್ಯಾಂಗಾತೋ ರಾತ್ರಿ ಹಾಡಕಿ?
ಭಾರಿ ಆತು, ಅಂದೆ.
ಚಾ ಹೇಳಿದೆ ಎರಡು.
ಆಕಿ ಹಸರು ಸೀರಿ ಉಟ್ಟಿದ್ದಳು, ಅಂತ ಸುರು ಮಾಡಿದೆ.