ಬೆಳಕು ತಿನ್ನುವ ಬಂದೂಕು

ಇಜೆವ್ಸ್ಕಿನಲ್ಲಿ ಆ ಚಳಿಗಾಲ ಐದು ತಿಂಗಳ ಸಂಬಳ ಬಾಕಿ.
ಕಾರ್ಖಾನೆಯವರು ಅಮ್ಮನಿಗೆ ದುಡ್ಡಿನ ಬದಲು
ಒಂದು ಮೂಟೆ ಸಕ್ಕರೆ ಕೊಟ್ಟರು, ಎರಡು ಜೊತೆ ಗಂಡಸರ ಬೂಟು.
ಮನೆಯಲ್ಲಿ ಗಂಡಸೆಂದರೆ ಒಂಬತ್ತು ವರ್ಷದ ಇಲ್ದುಸ್.
ಬೂಟು ಮಾರಿ, ಅರ್ಧ ಸಕ್ಕರೆ ಮಾರಿ
ಹಿಟ್ಟು ತರುತ್ತಾಳೆಂದು
ಅಬಿ, ನಮ್ಮಜ್ಜಿ, ಚೀಲ ಕೊಡವಿಟ್ಟು ಕಾದಳು.

ಬಂದದ್ದು ಡೆಂಡಿ.
ಡಬ್ಬದ ಮೇಲೆ ಟೋಪಿ ಹಾಕಿಕೊಂಡ ಆನೆ.

ಅಬಿ ಅಂದಳು: ಇದನ್ನು ಬೇಯಿಸುವುದು ಹೇಗೆ?

ಎಷ್ಟೋ ವರ್ಷದ ಮೇಲೆ ತಿಳಿಯಿತು,
ಅಸಲು ಜಪಾನಿನದಂತೆ,
ತೈವಾನಿನಲ್ಲಿ ಯಾರನ್ನೂ ಕೇಳದೆ ಅಚ್ಚು ಹೊಯ್ದು
ಮಾಸ್ಕೋದಲ್ಲಿ ಆನೆ ಅಂಟಿಸಿ ಮಾರಿದರಂತೆ.
ಆಗ ಯಾರಿಗೆ ಗೊತ್ತು?
ಕಳ್ಳ ಬಸಿರಿನ ಕೂಸನ್ನೇ ಪಟ್ಟದ ಕೂಸೆಂದು
ಬೀದಿಗೆ ಬೀದಿಯೇ ಎತ್ತಿ ಆಡಿಸಿತು.

ಹಳದಿ ಕ್ಯಾಸೆಟ್ಟಿನ ಮೇಲೆ ೯೯೯೯ ಆಟ ಎಂದಿತ್ತು.
ಎಣಿಸಿದೆವು. ಏಳು.
ಉಳಿದವೆಲ್ಲ ಅವೇ, ಬೇರೆ ಹೆಸರು, ಬೇರೆ ಅಂಗಿ,
ಚುನಾವಣೆಗೆ ನಿಂತವರ ಹಾಗೆ.

ಹಿಡಿಗಳು ಎರಡು. ಮೊದಲನೆಯದು ಇಲ್ದುಸನದು.
ನನ್ನದಕ್ಕೆ ಶುರು ಗುಂಡಿಯೇ ಇರಲಿಲ್ಲ.
ಕಿತ್ತುಹೋದದ್ದಲ್ಲ, ಮಾಡಿದ್ದೇ ಹಾಗೆ.
ಎರಡನೆಯವರು ಆಡಬಹುದು, ಸಾಯಬಹುದು,
ಶುರು ಮಾಡುವಂತಿಲ್ಲ, ನಿಲ್ಲಿಸುವಂತಿಲ್ಲ.
ನಾನು ಅವನಿಗಿಂತ ಮೂರು ವರ್ಷ ದೊಡ್ಡವಳು.

ಕೆಳಮನೆಯ ಜೋಯಾ ಅರ್ಖಿಪೊವ್ನಾ ಮೆಟ್ಟಿಲಲ್ಲೇ ಹೇಳಿದಳು:
ಅದು ಟಿವಿಯ ಕಣ್ಣು ಹೀರುತ್ತದೆ ನಾಜಿಯಾ,
ವರ್ಷದೊಳಗೆ ಪಿಕ್ಚರ್ ಟ್ಯೂಬು ಕುರುಡು.
ಅಂದಿನಿಂದ ಕೆಲಸಕ್ಕೆ ಹೊರಟ ಅಮ್ಮ
ಕರೆಂಟಿನ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಳ್ಳುವಳು.
ನಾವು ವೆನ್ಯಾನ ಮನೆಯದನ್ನು ತರುವೆವು.
ಐದು ಗಂಟೆಗೆ ಟಿವಿಯ ಬೆನ್ನಿಗೆ ಒದ್ದೆ ಟವಲು,
ಜ್ವರದ ಮಗುವಿಗೆ ಹಾಕುವ ಹಾಗೆ.
ಅಮ್ಮ ಕೋಟು ಬಿಚ್ಚುವ ಮೊದಲೇ ಅಂಗೈಯಿಟ್ಟು ನೋಡುವಳು.
ತಣ್ಣಗಿದೆ.
ಒದ್ದೆ ಯಾಕೆ?

ಅಮ್ಮನ ಕೆಲಸವೇ ನೋಡುವುದು.
ದಿನವಿಡೀ ಬಂದೂಕಿನ ನಳಿಕೆಗಳು,
ಒಂದೊಂದನ್ನೂ ಕಿಟಕಿಯತ್ತ ಹಿಡಿದು
ಒಳಗೆ ಬೆಳಕಿನ ಬಳೆಗಳು
ಒಂದರೊಳಗೊಂದು ಸರಿಯಾಗಿ ಕೂತಿವೆಯೇ ಎಂದು.
ಬಳೆ ಸೊಟ್ಟಗಿದ್ದರೆ ನಳಿಕೆ ಸೊಟ್ಟ.
ಅವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ
ಕಿಟಕಿಯಾಚೆಗೆ, ಎನ್ನುವಳು.

ಡೆಂಡಿಯ ಜೊತೆ ಬಂದ ಪ್ಲಾಸ್ಟಿಕ್ ಪಿಸ್ತೂಲನ್ನೂ
ಅದೇ ಅಭ್ಯಾಸಕ್ಕೆ ದೀಪಕ್ಕೆ ಹಿಡಿದಳು.
ತುದಿಯಲ್ಲೊಂದು ಹರಳು.
ತಿರುಗಿಸಿದಳು, ಮತ್ತೆ ಹಿಡಿದಳು.
"ಇದರಿಂದ ಏನೂ ಹೊರಡುವುದಿಲ್ಲ," ಅಂದಳು,
"ಬೆಳಕು ಒಳಗೆ ಬರುತ್ತದೆ, ಅಷ್ಟೆ."

ನಿಜ. ಅದು ಸುಡುವುದಿಲ್ಲ, ನೋಡುತ್ತದೆ.
ಅದರ ಕಣ್ಣಿಗೆ ಬಿದ್ದದ್ದಕ್ಕೇ ಬಾತು ಸಾಯುತ್ತದೆ.
ಇಲ್ದುಸ್ ಗುಟ್ಟು ಬಿಟ್ಟುಕೊಟ್ಟ:
ಬಲ್ಬಿಗೆ ಗುರಿಯಿಟ್ಟರೂ ಬೀಳುತ್ತವೆ ಅಮ್ಮ!
ಅಮ್ಮ ನಗಲಿಲ್ಲ.

ಮಧ್ಯರಾತ್ರಿ ಎಚ್ಚರವಾದಾಗ ಗೋಡೆಯೆಲ್ಲ ನೀಲಿ.
ಅಮ್ಮ ನೆಲದ ಮೇಲೆ ಕೂತಿದ್ದಾಳೆ,
ಅಬಿಯ ಶಾಲು ಹೊದ್ದು, ಪಿಸ್ತೂಲು ಮಡಿಲಲ್ಲಿ.
ಎರಡು ಬಾತು ಹಾರಿದವು. ಅವಳು ಕೈ ಎತ್ತಲಿಲ್ಲ.
ಹುಲ್ಲಿನಿಂದ ನಾಯಿ ಎದ್ದು ನಕ್ಕಿತು.
ಮತ್ತೆ ಎರಡು.
ಕತ್ತು ಹೊರಳಿಸಿ, ಅವು ಪರದೆ ದಾಟುವವರೆಗೂ
ಕಣ್ಣಲ್ಲೇ ಕಳಿಸಿಕೊಟ್ಟಳು.
ನಾಯಿ ನಕ್ಕಿತು. ನಗಲಿ.

ಕೊನೆಗೆ ಇಂಗ್ಲಿಷಿನಲ್ಲಿ ಏನೋ ಬಂದು ನಿಂತಿತು.
ಅವಳಿಗೆ ಓದಲು ಬಾರದು, ನನಗೂ.
ನನ್ನತ್ತ ತಿರುಗದೆಯೇ ಕೇಳಿದಳು:
"ಮತ್ತೆ ಶುರು ಮಾಡುವುದು ಹೇಗೆ?"

ನಿದ್ದೆ ಹೋದ ಇಲ್ದುಸನ ಮುಷ್ಟಿಯಿಂದ
ಮೊದಲನೆಯ ಹಿಡಿಯನ್ನು ಮೆಲ್ಲಗೆ ಬಿಡಿಸಿಕೊಂಡೆ.
ಗುಂಡಿ ಎಲ್ಲಿದೆಯೆಂದು ನನ್ನ ಹೆಬ್ಬೆರಳಿಗೆ ಗೊತ್ತಿರಲಿಲ್ಲ,
ಕತ್ತಲಲ್ಲಿ ತಡವಿ ತಡವಿ ಹುಡುಕಿತು:
ರಬ್ಬರಿನದು, ಪುಟ್ಟದು, ತಣ್ಣಗೆ.