ಸಾಕ್ಷಿಗೆ ಒಂದು ಹಲಗೆ

ಬೈತಕೋಲಿಗೆ ಇಳಿಯುವ ತಿರುವಿನಲ್ಲಿ ನನ್ನ ಶೆಡ್ಡು.
ಬೋರ್ಡಿಲ್ಲ. ಐಸ್ ಫ್ಯಾಕ್ಟರಿಯ ಹತ್ತಿರ ಯಾರನ್ನು ಕೇಳಿದರೂ
ಪುರ್ಸು ತಾಂಡೇಲನ ಗ್ಯಾರೇಜು ಅಂತ ಕೈ ತೋರಿಸುತ್ತಾರೆ.

ಮೊನ್ನೆ ಹೊಸ ಸಿಯೆರಾ ಬಂತು, ಪಂಕ್ಚರಿಗೆ.
ಅಂಕೋಲೆಯ ಹುಡುಗ, ತಂಪು ಕನ್ನಡಕ ತಲೆಯ ಮೇಲೆ.
"ಹಳೇ ಗಾಡಿ ನೆನಪುಂಟಾ ಮಾಮ? ಅದೇ ಇದು!"
ನಾನು ಜಾಕು ಕೊಟ್ಟೆ, ಉತ್ತರ ಕೊಡಲಿಲ್ಲ.

ಅದೇ ಅಂತೆ.
ಅದಕ್ಕೆ ಮೂರೇ ಬಾಗಿಲು, ಮಗನೇ.
ಹಿಂದೆ ಕೂರಬೇಕೆಂದರೆ
ಮುಂದಿನವರು ಇಳಿದು, ಸೀಟು ಮಡಚಿ, ದಾರಿ ಬಿಡಬೇಕು.
ಹಿಂಬದಿಯ ಗಾಜು ಮೇಲಕ್ಕೆ ಬಾಗಿ ಮಾಡನ್ನೇ ಸೇರಿತ್ತು;
ತೆರೆಯುವ ಮಾತೇ ಇಲ್ಲ.
ಏಪ್ರಿಲ್ಲಿನಲ್ಲಿ ಅಲ್ಲಿ ಕೂತವರು ಕಾವಲಿಯ ಮೇಲಿನ ಬಂಗಡೆ.
ಆದರೂ ಅರಬೈಲು ಘಾಟಿಯಲ್ಲಿ ಕತ್ತೆತ್ತಿದರೆ
ಆಕಾಶ, ಮರದ ತುದಿ, ಒಂದು ಮಂಗ,
ಮತ್ತೆ ಆಕಾಶ.

ಇದಕ್ಕೆ ಐದು ಬಾಗಿಲು. ಕಿಟಕಿಗಳು ಇಳಿಯುತ್ತವೆ.
ನಡುವೆ ಕಪ್ಪು ಬಳಿದು ಆ ಗಾಜಿನ ಹಾಗೆ ಮಾಡಿದ್ದಾರೆ,
ದೂರ ನಿಂತವರಿಗೆ.

ಬೆಂಚಿನಿಂದ ಇನಾಸ್ ಬಾಬ ಬಾಯಿ ಹಾಕಿದ:
"ಪೋರ್ಚುಗೀಸಿನಲ್ಲಿ ಸೆರ್ರಾ ಅಂದರೆ ಗುಡ್ಡದ ಸಾಲು.
ಗರಗಸಕ್ಕೂ ಅದೇ ಮಾತು.
ಗಾಡಿ ಗುಡ್ಡದಿಂದ ಕಡ ತಂದಿತು, ಗುಡ್ಡ ಗರಗಸದಿಂದ.
ಯಾರ ಸ್ವಂತದ್ದೋ ಇದು, ಪುರ್ಸು?"
ತಿರುಗಿ ನೋಡಿದೆ. ಹೌದು, ಗರಗಸವೇ.
ಎರಡು ಹಲ್ಲು ಹೆದ್ದಾರಿಗೆ ಮುರಿದಿದೆ.

ನಮ್ಮಲ್ಲಿಯೂ ಹೆಸರು ಮರಳುತ್ತಿತ್ತು, ಇಲ್ಲವೆನ್ನುವುದಿಲ್ಲ.
ಅಜ್ಜನ ದೋಣಿ ಜಲವಂತಿ, ಅಪ್ಪನದ್ದೂ ಜಲವಂತಿ.
ಆದರೆ ಒಂದು ಕರಾರು:
ಹಳೆಯದರ ಒಂದು ಹಲಗೆ ಹೊಸದರ ಹೊಟ್ಟೆಯಲ್ಲಿರಬೇಕು.
ಮೊಳದಷ್ಟಾದರೂ ಸಾಕು, ಹುಳ ತಿಂದದ್ದಾದರೂ.
ಬಡಗಿ ಗೊಣಗಿದ್ದ, "ಇದು ಭಾರ ಹೊರುವ ಮರವಲ್ಲ."
"ಭಾರಕ್ಕಲ್ಲವೋ," ಅಂದಿದ್ದ ಅಪ್ಪ, "ಸಾಕ್ಷಿಗೆ."
ಆಮೇಲೆ ಫೈಬರ್ ಬಂತು. ಹಲಗೆ ಎಲ್ಲಿ ಕೂರಿಸುವುದು?
ಅಣ್ಣ ಹೆಸರು ಬರೆಸಲಿಲ್ಲ.
ಅವನ ದೋಣಿಗೆ ಇವತ್ತಿಗೂ ಬರೀ ನಂಬರು.

ನನ್ನದೂ ಅಜ್ಜನ ಹೆಸರೇ.
ಆಯಿ ಒಮ್ಮೆಯೂ ಅದನ್ನು ಹಿಡಿದು ಕರೆದವಳಲ್ಲ:
ಮಾವನ ಹೆಸರು ಸೊಸೆಯ ನಾಲಿಗೆಗೆ ಬರಬಾರದು.
"ಏ ಬಾಳಾ" ಅಂದರೆ ನಾನು.
ಶಾಲೆಗೆ ಸೇರಿಸುವ ದಿನ ಮಾಸ್ತರರು ಕೇಳಿದಾಗ
ಸೆರಗು ಬಾಯಿಗೆ ಹಿಡಿದು
ಪಕ್ಕದ ಮನೆಯವಳ ಮುಖ ನೋಡಿದಳು, ಅವಳು ಹೇಳಿದಳು.
ಸತ್ತವರ ಹೆಸರು ಎತ್ತಿಕೊಂಡರೆ
ಅಷ್ಟಾದರೂ ಅಂಜಿಕೆ ಬೇಡವೇ?
ಟೀವಿಯಲ್ಲಿ ಆ ಗಂಡಸು ಕೂಗುತ್ತಾನೆ, ಸಿಯೆರಾ, ಸಿಯೆರಾ,
ಸಂತೆಯಲ್ಲಿ ಮಗು ಕಳೆದುಕೊಂಡವನ ಹಾಗೆ.

ಸುಳ್ಳು ಯಾಕೆ.
ಶೋರೂಮಿನ ಗಾಜಿನಾಚೆ ಆ ಅಕ್ಷರ ಕಂಡ ದಿನ
ಸೈಕಲ್ಲಿನಿಂದ ಇಳಿದು ನಿಂತಿದ್ದೆ.
ಕೈಯಲ್ಲಿ ಮೀನಿನ ಚೀಲ ಸೋರುತ್ತಿತ್ತು.
ಬೇರೆ ಹೆಸರಿದ್ದರೆ
ಈ ಹುಡುಗ ನನ್ನನ್ನು ಏನು ಕೇಳುತ್ತಿದ್ದ?
ಎಷ್ಟಾಯಿತು, ಅಷ್ಟೇ.

ಡಾಕ್ಟರ್ ಬಾಂದೇಕರರ ಹಳೆಯ ಸಿಯೆರಾವನ್ನು
ತೂಕಕ್ಕೆ ಹಾಕಲು ಬಿಚ್ಚಿದವನು ನಾನೇ.
ಎರಡು ದಿನ ಹಿಡಿಯಿತು, ಒಂದು ದಿನದ ಕೆಲಸ.
ಬಿಸ್ಕಿಟ್ ಡಬ್ಬಿಯಲ್ಲಿ ಅದರ ಸ್ಕ್ರೂಗಳಿವೆ, ಏಳೋ ಎಂಟೋ.

ಹುಡುಗ ಫೋನಿನಲ್ಲಿದ್ದ.
ಹಿಂಬದಿಯ ಮಡ್ ಫ್ಲ್ಯಾಪಿಗೆ ಒಂದು ಸ್ಕ್ರೂ
ಹಾಕಲು ಯಾರೋ ಮರೆತಿದ್ದರು.
ಡಬ್ಬಿ ತೆಗೆದೆ. ಎಳೆ ಕೂಡಲಿಲ್ಲ,
ಸ್ವಲ್ಪ ನೂಲು ಸುತ್ತಿ ತಿರುಗಿಸಿದೆ, ಕಚ್ಚಿತು.

ಇಲ್ಲಿಯ ಗಾಳಿಗೆ ಅದೇ ಮೊದಲು ತುಕ್ಕು ಹಿಡಿಯುತ್ತದೆ.
ಮಳೆಗಾಲ ಕಳೆಯುವುದರೊಳಗೆ
ಹೊಸ ಬಣ್ಣದ ಮೇಲೆ ಕಂದು ಗೆರೆಯೊಂದು ಇಳಿದು
ಹುಡುಗ ಬಂದು ಬೈಯುತ್ತಾನೆ.

ಬರಲಿ.