ಫೂಟುಪಟ್ಟಿ

ಶಹಾಬಾದ ಸ್ಟೇಷನ್ ಹಿಂದೆ ರದ್ದಿಯ ಲಾಡ್ಲೇಸಾಬ
ತಕ್ಕಡಿಗೆ ಹಾಕಿದ: ಒಂದು ಬೀಗ, ಎರಡು ಇಕ್ಕಳ,
ಒಂದು ಉಸ್ತರಾ.
ಅಲಗು ಸವೆದು ಅರ್ಧ. ಹಿಡಿಕೆ ಇಲ್ಲ.

ಮೂರು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿದೆ.
ಅಂಗಳದ ಹಾಸುಗಲ್ಲು, ನಮ್ಮೂರ ಗಣಿಯದೇ, ಮೆತ್ತಗಿನದು,
ಕುರುಂದದ ಪುಡಿ ಚೆಲ್ಲಿ, ನೀರು ಚಿಮುಕಿಸಿ
ಬಾಯಿ ಮುಂದಾಗಿ ಹೋದೆ, ಹೊರಳಿಸಿ
ಬಾಯಿ ಮುಂದಾಗಿಯೇ ಬಂದೆ.

ಹಿಡಿಕೆಗೆ ಸಾಲಿಯ ತೇಗದ ಪಟ್ಟಿ ಸೀಳಿದೆ.
ಮೂವತ್ತೊಂದು ವರ್ಷ ಗೆರೆ ಎಳೆದದ್ದು,
ಬರೀ ಗೆರೆಯಲ್ಲ.
ಮೂರರಿಂದ ಎಂಟರವರೆಗೆ ಅಂಕಿ ಉಳಿದವು.

ಹರಿತ ನೋಡಲಿಕ್ಕೆ ನನ್ನದೇ ಎಡಗೈ.
ಎರಡು ಬೆರಳಗಲ ಬೋಳು.
"ಸುಟ್ಕೊಂಡ್ರೇನ್ರಿ ಅಕ್ಕೋರೆ?"
ಹಾಲಿನ ಚಂದಮ್ಮ.

ನಿನ್ನೆ ಹಡಪದ ಮಲ್ಕಪ್ಪನ ಅಂಗಡಿಗೆ ಒಯ್ದೆ.
ಬೆಳಕಿಗೆ ಹಿಡಿದ. ಉಗುರಿನ ಮೇಲೆ ಎಳೆದ.
ಅಂಕಿಗಳ ಮೇಲೆ ಓಡಿದ ಹೆಬ್ಬೆರಳು
ಐದರ ಹತ್ತಿರ, ಚಕ್ಕೆ ಎದ್ದಲ್ಲಿ, ನಿಂತಿತು.
"ಇದು ನನ್ನ ಕೈಮ್ಯಾಲ ಮುರಿದದ್ದು ರೀ.
ಏಳರ ಮಗ್ಗಿ."

ನಾನು ಕನ್ನಡಿಯೊಳಗಿನ ಖಾಲಿ ಕುರ್ಚಿ ನೋಡಿದೆ.

"ಹರಿತ ಛಲೋ ಕೂತದ.
ಆದ್ರ ಈಗ ನಾವೆಲ್ಲ ಅರ್ಧ ಬ್ಲೇಡಿನವ್ರು."
ಮಡಚದೆ ಚಾಚಿದ:
ಬಾಯಿ ತನ್ನ ಕಡೆ,
ಹಿಡಿಕೆ ನನ್ನ ಕಡೆ.